ಸಂಧಿಪತ್ರಗಳಲ್ಲಿ ಸಂದಿಗ್ಧಪದಗಳು: ಪ್ಯಾಲೆಸ್ಟೈನಿನ ಶಾಂತಿಪ್ರಯತ್ನಗಳ ಪರಾಮರ್ಶೆ

೧

ಕವಿಯು ಬೇಕೆಂದು ಎರಡರ್ಥವುಳ್ಳ ಪದವನ್ನು ಪ್ರಯೋಗಿಸಿ, ಆ ಎರಡೂ ಪ್ರಕೃತಕ್ಕೆ ಹೊಂದಿಕೊಂಡರೆ ಆಲಂಕಾರಿಕರು ಅದನ್ನು ಶ್ಲೇಷವೆಂದು ಕೊಂಡಾಡುವರು; ಅರ್ಥವು ಇದೋ ಅದೋ ಎಂದು ನಿಶ್ಚಯವಾಗದೆ ಓದುವವನು ತೊಡಕಿಗೆ ಸಿಕ್ಕಿದರೆ ಸಂದಿಗ್ಧವೆಂಬ ದೋಷವಾಗಿ ಗಣಿಸುವರು. ರಾಜ್ಯಗಳು ಪರಸ್ಪರ ಬರೆದುಕೊಳ್ಳುವ ಸಂಧಿಪತ್ರಗಳಲ್ಲಿ ಈ ಎರಡಕ್ಕೂ ಸೇರದ ಮೂರನೆಯದೊಂದು ಬಗೆಯುಂಟು. ಅಲ್ಲಿ ಪದವು ಸಂದಿಗ್ಧವಾಗಿರುವುದು ಲೇಖಕರ ಅಜಾಗ್ರತೆಯಿಂದಲ್ಲ. ಸ್ಪಷ್ಟವಾದ ಪದವನ್ನು ಬರೆದರೆ ಇಬ್ಬರಲ್ಲೊಬ್ಬರು ರುಜು ಹಾಕಲಾರರೆಂಬ ಭಯದಿಂದ. ಇಬ್ಬರೂ ಒಂದೇ ಪತ್ರಕ್ಕೆ ಒಪ್ಪಿಗೆಯಿತ್ತು, ತಮ್ಮ ತಮ್ಮ ದೇಶಕ್ಕೆ ಹಿಂದಿರುಗಿ, ತಮ್ಮ ತಮ್ಮ ಅರ್ಥವನ್ನು ಜನರಿಗೆ ಓದಿ ಹೇಳುವರು.

ಇಂತಹ ಪದಗಳ ಚರಿತ್ರೆಯನ್ನು ಪರಿಶೀಲಿಸುವುದಕ್ಕೆ ಇಸ್ರೇಲಿಗೂ ಪ್ಯಾಲೆಸ್ಟೈನಿನ ಅರಬರಿಗೂ ನಡೆದು ಬಂದಿರುವ ವಿವಾದವು ವಿಶೇಷವಾಗಿ ಒದಗುವುದು. ಇಲ್ಲಿಯ ಶಾಂತಿಪ್ರಯತ್ನಗಳು ಮುರಿದುದಕ್ಕೆ ಪತ್ರಗಳ ಅಸ್ಪಷ್ಟತೆಯೇ ಕಾರಣವೆಂದು ಕೆಲವರು ಹೇಳುವರು. ಅಸ್ಪಷ್ಟತೆಯಿಲ್ಲದಿದ್ದರೆ ಅಷ್ಟು ಮಾತ್ರದ ಶಾಂತಿಯೂ ದೊರೆಯುತ್ತಿರಲಿಲ್ಲವೆಂದು ಮತ್ತೆ ಕೆಲವರು ಉತ್ತರ ಕೊಡುವರು. ಎರಡು ಮಾತೂ ಅರ್ಧ ಸತ್ಯವಾದುವು. ಪತ್ರಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದರೆ ತಿಳಿದುಬರುವುದೇನೆಂದರೆ: ಒಂದು ಪದದ ಅರ್ಥವನ್ನು ಮುಂದಕ್ಕೆ ಹಾಕುವುದರಿಂದಲೇ ಕೇಡು ಒದಗುವುದಿಲ್ಲ, ಅದನ್ನು ಯಾವಾಗ ನಿರ್ಣಯಿಸಬೇಕು, ನಿರ್ಣಯಿಸತಕ್ಕವರು ಯಾರು ಎಂಬೆರಡನ್ನೂ ಹೇಳದೆ ಬಿಡುವುದರಿಂದ ಒದಗುವುದು.

೨

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾಲೆಸ್ಟೈನು ತುರ್ಕರ ಆಳ್ವಿಕೆಗೆ ಒಳಪಟ್ಟಿದ್ದಿತು. ೧೯೧೫ನೆಯ ಜುಲೈ ತಿಂಗಳಿಂದ ೧೯೧೬ನೆಯ ಮಾರ್ಚಿಯವರೆಗೆ, ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಹೈಕಮಿಷನರ್ ಸರ್ ಹೆನ್ರಿ ಮೆಕ್‌ಮಹಾನರಿಗೂ ಮೆಕ್ಕೆಯ ಷರೀಫ್ ಹುಸೇನರಿಗೂ ಪತ್ರವ್ಯವಹಾರ ನಡೆಯಿತು. ಅರಬರು ತುರ್ಕರ ಮೇಲೆ ಏಳುವುದು, ಬ್ರಿಟಿಷರು ಅರಬರ ಸ್ವಾತಂತ್ರ್ಯವನ್ನು ಅಂಗೀಕರಿಸುವುದು, ಇದು ಅದರ ಸಾರ. ೧೯೧೫ನೆಯ ಅಕ್ಟೋಬರ್ ೨೪ರ ಪತ್ರದಲ್ಲಿ ಮೆಕ್‌ಮಹಾನರು ಡಮಾಸ್ಕಸ್, ಹೋಮ್ಸ್, ಹಮಾ, ಅಲೆಪ್ಪೊ ಎಂಬ ನಾಲ್ಕು ಸ್ಥಳಗಳ ‘ಜಿಲ್ಲೆ’ಗಳಿಗೆ ಪಶ್ಚಿಮದಲ್ಲಿರುವ ಸಿರಿಯಾದ ಭಾಗಗಳನ್ನು ವಾಗ್ದಾನದಿಂದ ಹೊರಗಿಟ್ಟರು. ಆಂಗ್ಲ ಕರಡಿನ ಆ ಪದವು ಅರಬ್ಬೀ ಪತ್ರದಲ್ಲಿ ‘ವಿಲಾಯತ್’ ಎಂದಾಯಿತು.

ತುರ್ಕರ ಆಡಳಿತದಲ್ಲಿ ವಿಲಾಯತ್ ಎಂದರೆ ದೊಡ್ಡ ಪ್ರಾಂತ. ಡಮಾಸ್ಕಸಿನಿಂದ ಆಳುತ್ತಿದ್ದ ಪ್ರಾಂತವು ಜೋರ್ಡಾನ್ ನದಿಯ ಪೂರ್ವಕ್ಕೆ ಅಕಾಬದವರೆಗೂ ಚಾಚಿದ್ದಿತು. ಆ ಅರ್ಥವನ್ನು ಹಿಡಿದರೆ ಪ್ಯಾಲೆಸ್ಟೈನು ಅದರ ಪಶ್ಚಿಮಕ್ಕೆ, ಎಂದರೆ ವಾಗ್ದಾನದ ಹೊರಗೆ, ಬೀಳುವುದು. ಬ್ರಿಟಿಷ್ ಸರ್ಕಾರದವರು ಮುಂದೆ ಹಿಡಿದ ವಾದವು ಇದೇ. ಆದರೆ ಹೋಮ್ಸ್, ಹಮಾಗಳು ಪ್ರಾಂತಗಳ ರಾಜಧಾನಿಗಳೇ ಆಗಿರಲಿಲ್ಲ. ಆದುದರಿಂದ ಆ ಪದಕ್ಕೆ ಊರು ಮತ್ತು ಅದರ ಸುತ್ತಮುತ್ತಲ ನೆಲವೆಂದೇ ಅರ್ಥ ಹೇಳಬೇಕು. ಆ ನಾಲ್ಕು ಊರುಗಳ ಪಶ್ಚಿಮಕ್ಕಿರುವುದು ಲೆಬನಾನಿನ ಮತ್ತು ಉತ್ತರ ಸಿರಿಯಾದ ಕರಾವಳಿಯೇ ಹೊರತು ಪ್ಯಾಲೆಸ್ಟೈನಲ್ಲ ಎಂದು ಅರಬರು ವಾದಿಸಿದರು. ೧೯೩೯ರಲ್ಲಿ ಲಂಡನ್ನಿನಲ್ಲಿ ಕೂಡಿದ ಒಂದು ಸಮಿತಿಯು ಈ ಪತ್ರಗಳನ್ನು ಪರಿಶೀಲಿಸಿತು. ಅಲ್ಲಿ ಬ್ರಿಟಿಷ್ ಪಕ್ಷದವರು ತಮ್ಮ ವಾದವನ್ನು ಬಿಡದಿದ್ದರೂ, ಅರಬರ ವಾದಕ್ಕೆ ಹಿಂದೆ ತೋರಿದುದಕ್ಕಿಂತ ಹೆಚ್ಚಿನ ಬಲವುಂಟೆಂದು ಒಪ್ಪಿಕೊಂಡರು. ಆ ಒಪ್ಪಿಗೆ ಬರುವುದಕ್ಕೆ ಇಪ್ಪತ್ತಮೂರು ವರ್ಷಗಳು ಹಿಡಿದವು.

ಈ ನಡುವೆ ೧೯೧೭ನೆಯ ನವೆಂಬರ್ ೨ರಂದು ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್‌ಫೋರರ ಘೋಷಣೆ ಹೊರಟಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಯಹೂದ್ಯ ನಾಯಕರು ಒಪ್ಪಿಸಿದ್ದ ಕರಡಿನಲ್ಲಿ ಪ್ಯಾಲೆಸ್ಟೈನನ್ನೇ ಯಹೂದ್ಯರ ರಾಷ್ಟ್ರೀಯ ನೆಲೆಯಾಗಿ ಪುನಃ ಸ್ಥಾಪಿಸುವ ಮಾತಿದ್ದಿತು. ಹೊರಬಿದ್ದ ಘೋಷಣೆಯಲ್ಲಿ ಪ್ಯಾಲೆಸ್ಟೈನಿನೊಳಗೆ ಒಂದು ರಾಷ್ಟ್ರೀಯ ನೆಲೆಯೆಂದಾಯಿತು. ದೇಶವೇ ನೆಲೆಯೋ, ದೇಶದಲ್ಲೊಂದು ನೆಲೆಯೋ, ನೆಲೆಯೆಂದರೆ ರಾಜ್ಯವೋ ಅಲ್ಲವೋ ಎಂಬುದು ವಾಚಕರ ಇಷ್ಟಕ್ಕೆ ಉಳಿಯಿತು. ಅಂದಿನ ಜನಸಂಖ್ಯೆಯಲ್ಲಿ ಹತ್ತಕ್ಕೆ ಒಂಬತ್ತರಷ್ಟಿದ್ದ ಅರಬರನ್ನು ಅದು ಹೆಸರಿಸಲಿಲ್ಲ; ‘ಯಹೂದ್ಯೇತರ ಸಮುದಾಯಗಳು’ ಎಂದು ಕರೆದು, ಅವರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಬಾಧೆ ಬಾರದೆಂದು ಹೇಳಿತು. ರಾಜಕೀಯ ಹಕ್ಕೆಂಬ ಮಾತು ಅಲ್ಲಿಲ್ಲ. ಹೀಗೆ ಒಂದೇ ನೆಲವನ್ನು ಕುರಿತು ಎರಡು ವಾಗ್ದಾನಗಳು ಎರಡು ಜನಾಂಗಗಳ ಕೈಯಲ್ಲಿ ಉಳಿದುವು. ಎರಡನ್ನೂ ಬರೆದವರು ಒಬ್ಬರೇ. ಅರ್ಥ ಹೇಳತಕ್ಕವರೂ ಅವರೇ ಆಗಿದ್ದರು.

೩

ಮೂವತ್ತು ವರ್ಷಗಳ ಬಳಿಕ ಬ್ರಿಟಿಷರು ಈ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಪ್ಪಿಸಿದರು. ೧೯೪೭ರಲ್ಲಿ ಹನ್ನೊಂದು ದೇಶಗಳ ಸಮಿತಿಯು ವಿಚಾರಣೆ ನಡೆಸಿತು. ಅದರಲ್ಲಿ ಭಾರತದ ಪ್ರತಿನಿಧಿ ಸರ್ ಅಬ್ದುರ್ ರಹಮಾನರು. ಬಹುಮತದವರು ದೇಶವನ್ನು ವಿಭಾಗಿಸಬೇಕೆಂದರು. ಭಾರತ, ಇರಾನ್, ಯುಗೊಸ್ಲಾವಿಯಗಳು ಎರಡು ಘಟಕಗಳುಳ್ಳ ಒಂದೇ ಸಂಯುಕ್ತ ರಾಜ್ಯವನ್ನು ಸೂಚಿಸಿದುವು. ನವೆಂಬರ್ ೨೯ರಂದು ಮಹಾಸಭೆಯು ೩೩ ಮತಗಳಿಗೆ ೧೩ ವಿರುದ್ಧವಾಗಿ, ೧೦ ತಟಸ್ಥವಾಗಿ, ವಿಭಜನೆಯನ್ನು ಅಂಗೀಕರಿಸಿತು. ಭಾರತವು ವಿರೋಧ ಮತ ಕೊಟ್ಟಿತು. ೧೯೪೮ನೆಯ ಮೇ ೧೪ರಂದು ಇಸ್ರೇಲ್ ರಾಜ್ಯವು ಘೋಷಿತವಾಗಲು, ಮರುದಿನವೇ ನೆರೆಯ ಅರಬ್ ರಾಜ್ಯಗಳ ಸೇನೆಗಳು ಒಳಹೊಕ್ಕುವು. ಆ ಯುದ್ಧಕಾಲದಲ್ಲಿ ಸುಮಾರು ಏಳು ಲಕ್ಷ ಅರಬರು ಮನೆಮಠಗಳನ್ನು ಕಳೆದುಕೊಂಡು ನಿರಾಶ್ರಿತರಾದರು.

ಮಧ್ಯಸ್ಥರಾಗಿ ನೇಮಕಗೊಂಡ ಸ್ವೀಡನ್ನಿನ ಕೌಂಟ್ ಫೋಲ್ಕೆ ಬರ್ನಡೋಟರು ಜೂನ್ ೧೧ರಿಂದ ನಾಲ್ಕು ವಾರಗಳ ಕದನವಿರಾಮವನ್ನು ಸಾಧಿಸಿದರು. ಸೆಪ್ಟೆಂಬರ್ ೧೭ರಂದು ಜೆರೂಸಲೇಮಿನಲ್ಲಿ ಲೆಹಿ ಎಂಬ ಯಹೂದ್ಯ ಉಗ್ರಗಾಮಿ ಪಂಗಡದವರು ಅವರನ್ನು ಕೊಂದರು. ಅವರ ಸ್ಥಾನದಲ್ಲಿ ನಿಂತ ಅಮೆರಿಕದ ರಾಲ್ಫ್ ಬಂಚರು ೧೯೪೯ನೆಯ ಜನವರಿ ೧೩ರಂದು ರೋಡ್ಸ್ ದ್ವೀಪದಲ್ಲಿ ಮಾತುಕತೆಯನ್ನು ಆರಂಭಿಸಿದರು. ಶಾಂತಿಯೆಂಬ ಪದವನ್ನು ಹಿಡಿದರೆ ಯಾರೂ ಕೂಡುವುದಿಲ್ಲವೆಂಬುದನ್ನು ಅರಿತು, ಯುದ್ಧಸ್ತಂಭನವೆಂಬ ಕೆಳಗಿನ ಪದವನ್ನೇ ಅವರು ಹಿಡಿದರು. ಫೆಬ್ರವರಿ ೨೪ರಂದು ಈಜಿಪ್ಟ್, ಮಾರ್ಚ್ ೨೩ರಂದು ಲೆಬನಾನ್, ಏಪ್ರಿಲ್ ೩ರಂದು ಜೋರ್ಡಾನ್, ಜುಲೈ ೨೦ರಂದು ಸಿರಿಯಾ ಇಸ್ರೇಲಿನೊಡನೆ ಒಪ್ಪಂದಕ್ಕೆ ರುಜು ಹಾಕಿದುವು. ಈ ಕಾರ್ಯಕ್ಕಾಗಿ ೧೯೫೦ರಲ್ಲಿ ಬಂಚರಿಗೆ ನೊಬೆಲ್ ಶಾಂತಿ ಪಾರಿತೋಷಕವು ಸಂದಿತು.

ಈಜಿಪ್ಟಿನೊಡನೆ ಆದ ಒಪ್ಪಂದದ ಐದನೆಯ ವಿಧಿಯು ಬಹು ಗಮನಾರ್ಹವಾದುದು. ಸೇನೆಗಳನ್ನು ಬೇರ್ಪಡಿಸುವ ರೇಖೆಯನ್ನು ಯಾವ ರೀತಿಯಲ್ಲೂ ರಾಜಕೀಯ ಅಥವಾ ಪ್ರಾದೇಶಿಕ ಎಲ್ಲೆಯೆಂದು ಭಾವಿಸತಕ್ಕದ್ದಲ್ಲವೆಂದೂ, ಕಡೆಯ ಇತ್ಯರ್ಥದಲ್ಲಿ ಉಭಯಪಕ್ಷದವರ ಹಕ್ಕುಬಾಧ್ಯತೆಗಳಿಗೆ ಅದರಿಂದ ಚ್ಯುತಿಯಿಲ್ಲವೆಂದೂ ಅದು ಹೇಳುವುದು. ಇಲ್ಲಿ ವಂಚನೆಯಿಲ್ಲ. ನಿರ್ಣಯವಾಗಿಲ್ಲವೆಂಬುದನ್ನೇ ಸ್ಪಷ್ಟವಾಗಿ ಬರೆದಿದೆ. ಈ ವಾಕ್ಯವು ಬೇಕೆಂದು ಹಟ ಹಿಡಿದವರು ಅರಬರು, ಇಸ್ರೇಲನ್ನು ಒಪ್ಪಿಕೊಂಡಂತಾಗಬಾರದೆಂದು. ಆದರೆ ಹದಿನೆಂಟು ವರ್ಷಗಳ ಮೇಲೆ ವಾದಿಗಳು ಸ್ಥಾನ ಬದಲಾಯಿಸಿದರು. ೧೯೬೭ರ ಯುದ್ಧದ ತರುವಾಯ ಅದೇ ರೇಖೆಗೆ ಹಿಂದಿರುಗಬೇಕೆಂದು ಕೇಳಿದವರು ಅರಬರು. ಅದು ಎಲ್ಲೆಯೇ ಅಲ್ಲವೆಂದು ಹಳೆಯ ವಿಧಿಯನ್ನು ಎತ್ತಿ ತೋರಿಸಿದವರು ಇಸ್ರೇಲಿನವರು.

ಜೆರೂಸಲೇಮಿನ ರೇಖೆಯ ಕಥೆ ಇನ್ನೂ ಸೂಕ್ಷ್ಮವಾದುದು. ೧೯೪೮ನೆಯ ನವೆಂಬರ್ ೩೦ರಂದು ಇಸ್ರೇಲಿನ ಮೋಶೆ ದಯಾನರೂ ಜೋರ್ಡಾನಿನ ಅಬ್ದುಲ್ಲಾ ಅಲ್ ತಲ್ಲರೂ ೧:೨೦,೦೦೦ ಪ್ರಮಾಣದ ಒಂದು ಭೂಪಟದ ಮೇಲೆ, ಒಬ್ಬರು ಹಸಿರು, ಒಬ್ಬರು ಕೆಂಪು ಮೇಣದ ಬಳಪಗಳಿಂದ ತಮ್ಮ ತಮ್ಮ ಸೇನೆಯ ರೇಖೆಗಳನ್ನೆಳೆದರು. ಬಳಪದ ಗೆರೆಯ ದಪ್ಪವು ಮೂರು ನಾಲ್ಕು ಮಿಲಿಮೀಟರು. ನೆಲದ ಮೇಲೆ ಅದು ಅರುವತ್ತರಿಂದ ಎಂಬತ್ತು ಮೀಟರಿನಷ್ಟಾಯಿತು. ಗೆರೆಯ ಅಡಿಯಲ್ಲಿ ಸಿಕ್ಕಿದ ಬೀದಿಯೂ ಮನೆಯೂ ಯಾರವೆಂಬುದನ್ನು ಭೂಪಟವು ಹೇಳಲಾರದಾಯಿತು. ನಗರದ ದಕ್ಷಿಣದ ಬೈತ್ ಸಫಾಫಾ ಎಂಬ ಅರಬ್ ಗ್ರಾಮವಂತೂ ೧೯೪೯ರ ಒಪ್ಪಂದದಿಂದ ಎರಡಾಗಿ ಸೀಳಿತು. ೧೯೬೭ರವರೆಗೆ ಊರ ನಡುವೆ ಮುಳ್ಳುತಂತಿಯ ಬೇಲಿಯು ನಿಂತಿದ್ದಿತು.

ಜೋರ್ಡಾನಿನ ಒಪ್ಪಂದದ ಎಂಟನೆಯ ವಿಧಿಯಲ್ಲಿ ಮತ್ತೊಂದು ಪಾಠವಿದೆ. ಪವಿತ್ರ ಸ್ಥಳಗಳಿಗೆ ನಿರಾತಂಕವಾದ ಪ್ರವೇಶ, ಆಲಿವ್ ಗುಡ್ಡದ ಸ್ಮಶಾನದ ಬಳಕೆ, ಸ್ಕೋಪಸ್ ಗುಡ್ಡದ ಸಂಸ್ಥೆಗಳ ಪುನರಾರಂಭ ಮೊದಲಾದ ವಿಷಯಗಳಲ್ಲಿ ತತ್ತ್ವತಃ ಒಪ್ಪಿಗೆ ಈಗಾಗಲೇ ಇದೆಯೆಂದು ಹೇಳಿ, ವಿವರಗಳನ್ನು ಉಭಯಪಕ್ಷದವರ ವಿಶೇಷ ಸಮಿತಿಗೆ ಬಿಟ್ಟಿತು. ಸಮಿತಿಯಲ್ಲಿ ಭಿನ್ನಾಭಿಪ್ರಾಯ ಬಂದರೆ ತೀರ್ಪು ಹೇಳತಕ್ಕ ಮೂರನೆಯವನಿರಲಿಲ್ಲ. ಮುಂದಿನ ಹದಿನೆಂಟು ವರ್ಷ ಪಶ್ಚಿಮ ಗೋಡೆಯ ಬಳಿಗೆ ಯಹೂದ್ಯ ಯಾತ್ರಿಕರಿಗೆ ದಾರಿಯೇ ದೊರೆಯಲಿಲ್ಲ.

೪

೧೯೬೭ನೆಯ ಜೂನ್ ೫ರಿಂದ ೧೦ರವರೆಗೆ ನಡೆದ ಯುದ್ಧದಲ್ಲಿ ಸೈನಾಯ್, ಗಾಜಾ, ಪೂರ್ವ ಜೆರೂಸಲೇಮ್ ಸಹಿತವಾದ ಪಶ್ಚಿಮ ದಂಡೆ, ಗೋಲಾನ್ ಎತ್ತರಭೂಮಿ ಇವು ಇಸ್ರೇಲಿನ ವಶವಾದುವು. ಐದು ತಿಂಗಳ ಚರ್ಚೆಯ ನಂತರ ನವೆಂಬರ್ ೨೨ರಂದು ಭದ್ರತಾ ಮಂಡಳಿಯು ಬ್ರಿಟನ್ನಿನ ಲಾರ್ಡ್ ಕ್ಯಾರಡನರು ರಚಿಸಿದ ೨೪೨ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಒಂದು ಕಡೆ ಇಸ್ರೇಲಿ ಸೇನೆಯ ನಿರ್ಗಮನ, ಮತ್ತೊಂದು ಕಡೆ ಆ ಪ್ರಾಂತದ ಪ್ರತಿಯೊಂದು ರಾಜ್ಯಕ್ಕೂ ಸುಭದ್ರವಾದ ಅಂಗೀಕೃತ ಎಲ್ಲೆಗಳೊಳಗೆ ಶಾಂತಿಯಿಂದ ಬಾಳುವ ಹಕ್ಕು, ಇವೆರಡು ಅದರ ಮುಖ್ಯಾಂಶಗಳು.

ವಿವಾದವೆಲ್ಲವೂ ಮೊದಲನೆಯ ಅಂಶದ ಒಂದು ಪದವನ್ನು, ಸರಿಯಾಗಿ ಹೇಳಬೇಕಾದರೆ ಒಂದು ಪದದ ಅಭಾವವನ್ನು, ಕುರಿತದ್ದು. ಆಂಗ್ಲ ಪಾಠದಲ್ಲಿ ‘ಟೆರಿಟರೀಸ್’ ಎಂಬ ನಾಮಪದದ ಹಿಂದೆ ‘ದಿ’ ಎಂಬ ನಿರ್ದೇಶಕವಿಲ್ಲ. ‘ಎಲ್ಲ’ ಎಂಬ ವಿಶೇಷಣವೂ ಇಲ್ಲ. ಆದುದರಿಂದ ಈಚಿನ ಯುದ್ಧದಲ್ಲಿ ವಶವಾದ ಪ್ರದೇಶಗಳೆಲ್ಲವನ್ನೂ ಬಿಡಬೇಕಾಗಿಲ್ಲ, ಎಷ್ಟೆಂಬುದು ಎಲ್ಲೆಯ ಮಾತುಕತೆಯಿಂದ ತಿಳಿಯಬೇಕು ಎಂದು ಇಸ್ರೇಲ್ ವಾದಿಸಿತು. ಫ್ರೆಂಚ್ ಪಾಠದಲ್ಲಾದರೆ ನಿರ್ದೇಶಕವು ವಿಭಕ್ತಿಯೊಡನೆ ಕೂಡಿ ‘ದೇ’ ಎಂಬ ರೂಪದಲ್ಲಿ ನಿಂತಿದೆ. ಅದರಿಂದ ಆ ಪ್ರದೇಶಗಳನ್ನೆಲ್ಲ ಎಂಬರ್ಥವು ಸಹಜವಾಗಿ ಹೊರಡುವುದು. ಫ್ರೆಂಚಿನಲ್ಲಿ ನಿರ್ದೇಶಕವಿಲ್ಲದೆ ವಾಕ್ಯವೇ ನಡೆಯದಾದ ಕಾರಣ ಅದಕ್ಕೆ ಅರ್ಥಬಲವನ್ನು ಆರೋಪಿಸಬಾರದೆಂದು ಪ್ರತಿವಾದ. ನಿರ್ಣಯದ ಪೀಠಿಕೆಯಲ್ಲಿ ಯುದ್ಧದಿಂದ ಭೂಮಿಯನ್ನು ಗಳಿಸುವುದು ಸಲ್ಲದೆಂದು ಹೇಳಿರುವುದರಿಂದ ವಾಕ್ಯಶೇಷದ ಬಲದಿಂದಲೇ ಅರ್ಥ ನಿಶ್ಚಯವಾಗುವುದೆಂದು ಅದಕ್ಕೆ ಉತ್ತರ. ಕನ್ನಡದಲ್ಲಿ ಇಂತಹ ನಿರ್ದೇಶಕವೇ ಇಲ್ಲದುದರಿಂದ ‘ಆಕ್ರಮಿಸಿದ ಪ್ರದೇಶಗಳಿಂದ’ ಎಂದು ಬರೆದರೆ ಎರಡು ಅರ್ಥಗಳೂ ಅದರಲ್ಲಿ ಅಡಗಿಯೇ ಇರುವುವು. ಆ ಪಾಠಭೇದವನ್ನು ತೋರಿಸಲು ಭಾಷಾಂತರಕಾರನು ‘ಎಲ್ಲ’ ಎಂದೋ ‘ಕೆಲವು’ ಎಂದೋ ಸೇರಿಸಿ ಒಂದು ಪಕ್ಷವನ್ನು ಹಿಡಿಯಬೇಕಾಗುವುದು.

ಮತ ಕೊಟ್ಟವರಿಗೆ ಈ ತೊಡಕು ಗೊತ್ತಿರಲಿಲ್ಲವೆಂದಲ್ಲ. ಅಂದು ಮಂಡಳಿಯ ಸದಸ್ಯನಾಗಿದ್ದ ಭಾರತದ ಪ್ರತಿನಿಧಿ ಜಿ. ಪಾರ್ಥಸಾರಥಿಯವರು, ಎಲ್ಲ ಪ್ರದೇಶಗಳಿಂದಲೂ ನಿರ್ಗಮನವೆಂಬ ಅರ್ಥದಲ್ಲಿಯೇ ತಮ್ಮ ದೇಶವು ಮತ ಕೊಡುತ್ತಿರುವುದಾಗಿ ‘ಎಲ್ಲ’ ಎಂಬ ಪದವನ್ನು ಒತ್ತಿ ಹೇಳಿದರು. ಇಸ್ರೇಲಿನ ಅಬ್ಬಾ ಎಬನರು ಬೇರೆ ಅರ್ಥವನ್ನು ಹೇಳಿದರು. ಪ್ರತಿಯೊಬ್ಬರ ಅಭಿಪ್ರಾಯವೂ ಅವರವರದು, ಕಟ್ಟು ಮಾಡತಕ್ಕದ್ದು ನಿರ್ಣಯದ ಮಾತು ಮಾತ್ರವೆಂದು ಕ್ಯಾರಡನರು ಮುಗಿಸಿದರು. ಮತ್ತೊಂದು ಸಂಗತಿಯನ್ನೂ ಗಮನಿಸತಕ್ಕದ್ದು: ವಿಶ್ವಸಂಸ್ಥೆಯ ಅಂದಿನ ಐದು ಅಧಿಕೃತ ಭಾಷೆಗಳಲ್ಲಿ ಅರಬ್ಬಿಯೂ ಇರಲಿಲ್ಲ, ಹೀಬ್ರೂ ಇರಲಿಲ್ಲ. ಯಾರ ಊರುಗಳ ವಿಷಯದಲ್ಲಿ ಈ ಪದಚರ್ಚೆ ನಡೆಯಿತೋ ಅವರ ನುಡಿಗಳಲ್ಲಿ ಮೂಲಪಾಠವೇ ಇರಲಿಲ್ಲ. ಪ್ಯಾಲೆಸ್ಟೈನಿನ ಅರಬರನ್ನು ನಿರ್ಣಯವು ಹೆಸರಿಸಿಯೂ ಇಲ್ಲ; ‘ನಿರಾಶ್ರಿತರ ಸಮಸ್ಯೆ’ ಎಂಬ ಎರಡು ಮಾತುಗಳಲ್ಲಿ ಅವರು ಅಡಗಿದ್ದಾರೆ.

ನಿರ್ಣಯವನ್ನು ಕಾರ್ಯರೂಪಕ್ಕೆ ತರಲು ನೇಮಕಗೊಂಡ ಗುನ್ನಾರ್ ಯಾರಿಂಗರು ಸ್ವೀಡನ್ನಿನ ರಾಯಭಾರಿಗಳು. ತುರ್ಕೀ ವರ್ಗದ ಭಾಷೆಗಳಲ್ಲಿ ಹೆಸರಾಂತ ವಿದ್ವಾಂಸರು. ೧೯೭೧ನೆಯ ಫೆಬ್ರವರಿ ೮ರಂದು ಅವರು ಎರಡು ಸರ್ಕಾರಗಳಿಗೂ ಸ್ಪಷ್ಟವಾದ ಪ್ರಶ್ನೆಗಳನ್ನು ಕಳುಹಿಸಿದರು. ಈಜಿಪ್ಟ್ ತನ್ನ ಷರತ್ತುಗಳೊಡನೆ ಇಸ್ರೇಲಿನೊಡನೆ ಶಾಂತಿ ಒಪ್ಪಂದಕ್ಕೆ ಸಿದ್ಧವೆಂದಿತು. ಯುದ್ಧಕ್ಕೆ ಹಿಂದಿನ ರೇಖೆಗಳಿಗೆ ಮರಳುವುದಿಲ್ಲವೆಂದು ಇಸ್ರೇಲ್ ಉತ್ತರವಿತ್ತಿತು. ಸಂದಿಗ್ಧಪದವನ್ನು ಬಿಡಿಸಿ ಕೇಳಿದ ಒಡನೆಯೇ ಪ್ರಯತ್ನವು ನಿಂತಿತು. ಉತ್ತರ ಕೊಡಿಸುವ ಅಧಿಕಾರವು ಆ ವಿದ್ವಾಂಸರಿಗೆ ಇರಲಿಲ್ಲ. ಎರಡೂವರೆ ವರ್ಷದಲ್ಲಿ, ೧೯೭೩ನೆಯ ಅಕ್ಟೋಬರಿನಲ್ಲಿ, ಮತ್ತೆ ಯುದ್ಧವಾಯಿತು.

೫

೧೯೭೮ನೆಯ ಸೆಪ್ಟೆಂಬರ್ ೫ರಿಂದ ೧೭ರವರೆಗೆ ಅಮೆರಿಕದ ಅಧ್ಯಕ್ಷ ಕಾರ್ಟರರು ಈಜಿಪ್ಟಿನ ಸಾದತರನ್ನೂ ಇಸ್ರೇಲಿನ ಬೆಗಿನ್ನರನ್ನೂ ಕ್ಯಾಂಪ್ ಡೇವಿಡ್ಡಿನಲ್ಲಿ ಕೂಡಿಸಿ ಎರಡು ಪತ್ರಗಳನ್ನು ಸಿದ್ಧಪಡಿಸಿದರು. ಒಂದೇ ಸ್ಥಳದಲ್ಲಿ, ಅದೇ ಜನರಿಂದ, ಅದೇ ಹದಿಮೂರು ದಿನಗಳಲ್ಲಿ ಹುಟ್ಟಿದ ಈ ಎರಡರ ಗತಿ ಬೇರೆಬೇರೆಯಾದುದು ಪ್ರಕೃತ ವಿಚಾರಕ್ಕೆ ಅತ್ಯಂತ ಉಪಯುಕ್ತವಾದ ನಿದರ್ಶನ.

ಮೊದಲನೆಯದು ಸೈನಾಯ್ ವಿಷಯ. ಅದರಿಂದ ೧೯೭೯ನೆಯ ಮಾರ್ಚ್ ೨೬ರ ಸಂಧಿಪತ್ರವು ಹುಟ್ಟಿತು. ಈಜಿಪ್ಟಿಗೂ ಹಿಂದಿನ ಪ್ಯಾಲೆಸ್ಟೈನಿಗೂ ನಡುವೆ ಇದ್ದ ಅಂತಾರಾಷ್ಟ್ರೀಯ ಎಲ್ಲೆಯೇ ಎಲ್ಲೆ. ನಿರ್ಗಮನವು ಹಂತಹಂತವಾಗಿ ಮೂರು ವರ್ಷದೊಳಗೆ. ಪಾಠಗಳು ಹೀಬ್ರೂ, ಅರಬ್ಬೀ, ಆಂಗ್ಲ ಮೂರರಲ್ಲಿಯೂ ಪ್ರಮಾಣ. ಅರ್ಥಭೇದ ಬಂದರೆ ಆಂಗ್ಲ ಪಾಠವೇ ಬಲವತ್ತರ. ವಿವಾದಗಳು ಮಾತುಕತೆಯಿಂದ ತೀರದಿದ್ದರೆ ಸಂಧಾನಕ್ಕೋ ಮಧ್ಯಸ್ಥಿಕೆಯ ನ್ಯಾಯಪೀಠಕ್ಕೋ ಹೋಗತಕ್ಕದ್ದು. ೧೯೮೨ನೆಯ ಏಪ್ರಿಲ್ ೨೫ರಂದು ಸೈನಾಯ್ ಈಜಿಪ್ಟಿನ ವಶವಾಯಿತು. ಅಷ್ಟರಲ್ಲೂ ಅಕಾಬ ಕೊಲ್ಲಿಯ ದಡದ ತಾಬಾ ಎಂಬ ತುಂಡು ನೆಲದ ವಿಷಯದಲ್ಲಿ, ೧೯೦೬ರಲ್ಲಿ ಗೊತ್ತುಮಾಡಿದ ಎಲ್ಲೆಯ ಕಂಬಗಳು ಎಲ್ಲಿದ್ದುವೆಂಬ ವ್ಯಾಜ್ಯ ಎದ್ದಿತು. ಯುದ್ಧವಾಗಲಿಲ್ಲ. ಐವರು ನ್ಯಾಯಪತಿಗಳ ಪೀಠವು ಹಳೆಯ ಭೂಪಟಗಳನ್ನೂ ದಾಖಲೆಗಳನ್ನೂ ನೋಡಿ ೧೯೮೮ನೆಯ ಸೆಪ್ಟೆಂಬರ್ ೨೯ರಂದು ಈಜಿಪ್ಟಿನ ಪರವಾಗಿ ತೀರ್ಪಿತ್ತಿತು. ೧೯೮೯ರಲ್ಲಿ ಇಸ್ರೇಲ್ ಆ ನೆಲವನ್ನು ಬಿಟ್ಟುಕೊಟ್ಟಿತು.

ಎರಡನೆಯದು ಪಶ್ಚಿಮ ದಂಡೆ ಮತ್ತು ಗಾಜಾಗಳ ವಿಷಯ. ‘ಪೂರ್ಣ ಸ್ವಾಯತ್ತತೆ’, ‘ಪ್ಯಾಲೆಸ್ಟೀನಿಯನ್ ಜನತೆಯ ನ್ಯಾಯಸಮ್ಮತ ಹಕ್ಕುಗಳು’ ಎಂಬ ಗಂಭೀರ ಪದಗಳು ಅದರಲ್ಲಿವೆ. ಆದರೆ ಸೆಪ್ಟೆಂಬರ್ ೨೨ರಂದು ಕಾರ್ಟರರು ಬೆಗಿನ್ನರಿಗೆ ಬರೆದ ಪತ್ರವೊಂದು ಇದರೊಡನೆ ಸೇರಿದೆ. ‘ಪ್ಯಾಲೆಸ್ಟೀನಿಯನ್ ಜನತೆ’ ಎಂಬಲ್ಲೆಲ್ಲ ‘ಪ್ಯಾಲೆಸ್ಟೈನಿನ ಅರಬರು’ ಎಂದೂ, ‘ಪಶ್ಚಿಮ ದಂಡೆ’ ಎಂಬಲ್ಲೆಲ್ಲ ‘ಜೂಡಿಯಾ ಮತ್ತು ಸಮಾರಿಯಾ’ ಎಂದೂ ಇಸ್ರೇಲ್ ಅರ್ಥಮಾಡುವುದಾಗಿ ಬೆಗಿನ್ನರು ತಮಗೆ ತಿಳಿಸಿರುವರೆಂದು ಅದರಲ್ಲಿ ದಾಖಲೆಯಾಗಿದೆ. ಮೂಲದೊಡನೆಯೇ ವಿರುದ್ಧವಾದ ವ್ಯಾಖ್ಯಾನವನ್ನೂ ಹೊತ್ತು ಹೊರಟ ಸಂಧಿಪತ್ರವು ಅಪೂರ್ವವೇ ಸರಿ. ಹೊಸ ವಸತಿಗಳನ್ನು ಕಟ್ಟದೆ ತಡೆಯುವ ಅವಧಿಯು ಮೂರು ತಿಂಗಳೆಂದು ಬೆಗಿನ್ನರೂ, ಸ್ವಾಯತ್ತತೆಯ ಮಾತುಕತೆ ಮುಗಿಯುವವರೆಗೆಂದು ಕಾರ್ಟರರೂ ತಿಳಿದಿದ್ದರು. ಪ್ಯಾಲೆಸ್ಟೀನಿಯನ್ನರ ಪ್ರತಿನಿಧಿಗಳು ಮಾತುಕತೆಯಲ್ಲಿರಲೇ ಇಲ್ಲ. ಸ್ವಾಯತ್ತತೆಯು ಕಾಗದದಲ್ಲಿಯೇ ಉಳಿಯಿತು.

೬

೧೯೯೩ನೆಯ ಸೆಪ್ಟೆಂಬರ್ ೯ರ ಪತ್ರಗಳಲ್ಲಿ ಪ್ಯಾಲೆಸ್ಟೈನ್ ವಿಮೋಚನಾ ಸಂಘದ ಅರಾಫತರು ಇಸ್ರೇಲಿನ ಬಾಳುವ ಹಕ್ಕನ್ನೂ, ಇಸ್ರೇಲಿನ ರಬೀನರು ಆ ಸಂಘವು ಪ್ಯಾಲೆಸ್ಟೀನಿಯನ್ ಜನತೆಯ ಪ್ರತಿನಿಧಿಯೆಂಬುದನ್ನೂ ಅಂಗೀಕರಿಸಿದರು. ಇದು ದೊಡ್ಡ ಹೆಜ್ಜೆ. ಹಿಂದಿನ ಪತ್ರಗಳಲ್ಲಿ ಹೆಸರಿಲ್ಲದವರಿಗೆ ಇಲ್ಲಿ ಹೆಸರು ಬಂದಿತು. ನಾರ್ವೆಯವರ ಗುಪ್ತ ಸಹಾಯದಿಂದ ಓಸ್ಲೋದಲ್ಲಿ ಸಿದ್ಧವಾದ ಒಡಂಬಡಿಕೆಗೆ ಸೆಪ್ಟೆಂಬರ್ ೧೩ರಂದು ವಾಷಿಂಗ್ಟನ್ನಿನಲ್ಲಿ ರುಜುವಾಯಿತು. ಐದು ವರ್ಷದ ಮಧ್ಯಂತರ ಕಾಲ. ಅದರ ಮೂರನೆಯ ವರ್ಷದ ಆರಂಭದೊಳಗೆ ಜೆರೂಸಲೇಮ್, ನಿರಾಶ್ರಿತರು, ವಸತಿಗಳು, ಭದ್ರತೆ, ಎಲ್ಲೆಗಳು ಎಂಬ ‘ಶಾಶ್ವತ ಸ್ಥಿತಿ’ಯ ವಿಷಯಗಳನ್ನು ಕುರಿತ ಮಾತುಕತೆ. ಆ ಸ್ಥಿತಿಯು ಯಾವುದೆಂಬುದನ್ನು ಪತ್ರವು ಹೇಳಲಿಲ್ಲ. ಪ್ಯಾಲೆಸ್ಟೈನ್ ರಾಜ್ಯವೆಂಬ ಮಾತು ಅದರಲ್ಲಿಲ್ಲ.

ಓಸ್ಲೋದಲ್ಲಿ ಅವಧಿಯಿದ್ದಿತು, ನಿರ್ಣಾಯಕನಿರಲಿಲ್ಲ. ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸುವುದಕ್ಕೂ ಇಬ್ಬರ ಒಪ್ಪಿಗೆಯೇ ಬೇಕಾಗಿದ್ದಿತು. ಒಂದು ಪಕ್ಷದವರು ಮಧ್ಯಂತರ ಕಾಲವನ್ನು ರಾಜ್ಯದ ಮುನ್ನುಡಿಯೆಂದು ಓದಿದರು. ಮತ್ತೊಂದು ಪಕ್ಷದವರು ಭದ್ರತೆಯ ಪರೀಕ್ಷೆಯೆಂದು ಓದಿದರು. ಪಶ್ಚಿಮ ದಂಡೆಯಲ್ಲಿ, ಪೂರ್ವ ಜೆರೂಸಲೇಮನ್ನು ಬಿಟ್ಟು, ೧೯೯೩ರಲ್ಲಿ ಒಂದು ಲಕ್ಷಕ್ಕೆ ಸ್ವಲ್ಪ ಹೆಚ್ಚಾಗಿದ್ದ ಇಸ್ರೇಲಿ ವಸತಿಗಾರರು ೨೦೦೦ದ ಹೊತ್ತಿಗೆ ಎರಡು ಲಕ್ಷವನ್ನು ಸಮೀಪಿಸಿದರು. ಇತ್ತ ಇಸ್ರೇಲಿನ ನಗರಗಳಲ್ಲಿ ಆತ್ಮಘಾತಕ ಸ್ಫೋಟಗಳು ನಾಗರಿಕರನ್ನು ಕೊಂದುವು. ೧೯೯೫ನೆಯ ನವೆಂಬರ್ ೪ರಂದು ರಬೀನರನ್ನು ಅವರ ದೇಶದವನೇ ಆದ ಯಹೂದ್ಯನೊಬ್ಬನು ಕೊಂದನು. ೧೯೯೯ನೆಯ ಮೇ ೪ರಂದು ಅವಧಿಯು ಮುಗಿದಾಗ ಶಾಶ್ವತ ಸ್ಥಿತಿಯ ಒಂದು ವಿಷಯವೂ ಇತ್ಯರ್ಥವಾಗಿರಲಿಲ್ಲ. ೨೦೦೦ದ ಜುಲೈ ತಿಂಗಳಲ್ಲಿ ಕ್ಯಾಂಪ್ ಡೇವಿಡ್ಡಿನಲ್ಲಿಯೂ ೨೦೦೧ರ ಜನವರಿಯಲ್ಲಿ ತಾಬಾದಲ್ಲಿಯೂ ನಡೆದ ಮಾತುಕತೆಗಳು ನಿಷ್ಫಲವಾದುವು. ಇದಕ್ಕೆ ಪ್ರತಿಯಾಗಿ, ೧೯೯೪ನೆಯ ಅಕ್ಟೋಬರ್ ೨೬ರಂದು ಇಸ್ರೇಲಿಗೂ ಜೋರ್ಡಾನಿಗೂ ಆದ ಸಂಧಿಯಲ್ಲಿ ಎಲ್ಲೆಯನ್ನು ಅನುಬಂಧದಲ್ಲಿ ಖಚಿತವಾಗಿ ಗುರುತಿಸಲಾಯಿತು. ಮುಂದೆ ಬಂದ ಕಠಿನ ಕಾಲಗಳಲ್ಲಿಯೂ ಅದು ಮುರಿಯಲಿಲ್ಲ.

೭

ಪದಗಳೊಂದರಿಂದಲೇ ಯುದ್ಧಗಳಾದುವೆಂದು ಹೇಳುವುದು ಸಾಹಸವಾದೀತು. ನೆಲದ ಆಸೆ, ಪ್ರಾಣಭಯ, ಮತಾಭಿಮಾನ, ದೊಡ್ಡ ರಾಜ್ಯಗಳ ಸ್ವಾರ್ಥ ಇವೆಲ್ಲ ಇಲ್ಲಿ ಕಾರಣಗಳಾಗಿರುವುವು. ಎರಡು ಸ್ಥಾಪಿತ ರಾಜ್ಯಗಳ ಎಲ್ಲೆಯನ್ನು ಗೊತ್ತುಮಾಡುವುದಕ್ಕಿಂತ ಒಂದೇ ನೆಲದ ಮೇಲೆ ಎರಡು ಜನಾಂಗಗಳ ಹಕ್ಕನ್ನು ಗೊತ್ತುಮಾಡುವುದು ಕಷ್ಟವೆಂಬುದೂ ನಿಜ. ಸಂದಿಗ್ಧತೆಯಿಂದ ಪ್ರಯೋಜನವೇ ಆಗಲಿಲ್ಲವೆಂದೂ ಹೇಳಲಾಗದು: ರೋಡ್ಸಿನ ಪತ್ರಗಳು ಒಂದು ಯುದ್ಧವನ್ನು ನಿಲ್ಲಿಸಿದುವು, ೨೪೨ನೆಯ ನಿರ್ಣಯದ ಆಧಾರದ ಮೇಲೆಯೇ ಈಜಿಪ್ಟಿನ ಸಂಧಿಯು ಎದ್ದಿತು.

ಆದರೆ ಅರ್ಥವನ್ನು ಹೇಳದೆ ಬಿಟ್ಟ ಪದವು ಬಹುಕಾಲ ಅರ್ಥವಿಲ್ಲದೆ ಇರಲಾರದು. ಪಂಡಿತರು ನಿರ್ಣಯಿಸದಿದ್ದರೆ ಬಲವುಳ್ಳವನು ನಿರ್ಣಯಿಸುವನು. ನೆಲವನ್ನು ಹಿಡಿದಿರುವವನು ಮನೆ ಕಟ್ಟಿ ತನ್ನ ಅರ್ಥವನ್ನು ಬರೆಯುವನು, ಕಳೆದುಕೊಂಡವನು ಆಯುಧ ಹಿಡಿದು ತನ್ನ ಅರ್ಥವನ್ನು ಬರೆಯುವನು. ೨೦೧೬ನೆಯ ಡಿಸೆಂಬರ್ ೨೩ರಂದು ಭದ್ರತಾ ಮಂಡಳಿಯು ೨೩೩೪ನೆಯ ನಿರ್ಣಯದಲ್ಲಿ, ಉಭಯಪಕ್ಷದವರು ಒಪ್ಪಿದ ಬದಲಾವಣೆಗಳ ಹೊರತು ೧೯೬೭ನೆಯ ಜೂನ್ ೪ರ ರೇಖೆಗಳಲ್ಲಿ ಬೇರೆ ಬದಲಾವಣೆಯನ್ನು ಅಂಗೀಕರಿಸುವುದಿಲ್ಲವೆಂದು ತಾರೀಖು ಹಾಕಿ ಹೇಳಿತು. ಬಿಟ್ಟುಹೋದ ಪದವೊಂದನ್ನು ತುಂಬುವುದಕ್ಕೆ ನಲವತ್ತೊಂಬತ್ತು ವರ್ಷ ಹಿಡಿದುವು. ಆಗಲೂ ಅದನ್ನು ನಡೆಯಿಸತಕ್ಕ ಪೀಠವಿರಲಿಲ್ಲ. ೨೦೨೩ನೆಯ ಅಕ್ಟೋಬರ್ ೭ರ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು ೧,೨೦೦ ಜನರೂ, ಅನಂತರ ಗಾಜಾದ ಯುದ್ಧದಲ್ಲಿ ಹತ್ತಾರು ಸಾವಿರ ಜನರೂ ಸತ್ತರು.

ತಾಬಾದ ಕಡಲತೀರದ ವ್ಯಾಜ್ಯಕ್ಕೂ ಜೆರೂಸಲೇಮಿನ ಬಳಪದ ಗೆರೆಯ ವ್ಯಾಜ್ಯಕ್ಕೂ ಸ್ವರೂಪದಲ್ಲಿ ಬಹಳ ಭೇದವಿಲ್ಲ. ಎರಡೂ ಸಣ್ಣದೊಂದು ತುಂಡು ನೆಲ ಯಾರದೆಂಬ ಪ್ರಶ್ನೆಗಳು. ಒಂದನ್ನು ಕೇಳುವುದಕ್ಕೆ ಪೀಠವಿದ್ದಿತು, ಮತ್ತೊಂದಕ್ಕೆ ಇರಲಿಲ್ಲ. ಮುಂದೆ ಎಂದಾದರೂ ಈ ಎರಡು ಜನಾಂಗಗಳ ನಡುವೆ ಸಂಧಿಪತ್ರವನ್ನು ಬರೆಯುವವರು ಕೆಲವು ಪದಗಳನ್ನು ಸಂದಿಗ್ಧವಾಗಿಯೇ ಬಿಡಬೇಕಾಗಬಹುದು. ಹಾಗೆ ಬಿಟ್ಟ ಪ್ರತಿಯೊಂದು ಪದದ ಪಕ್ಕದಲ್ಲಿಯೂ ಅದರ ಅರ್ಥವು ಯಾವ ದಿನದೊಳಗೆ, ಯಾರ ಬಾಯಿಂದ ಹೊರಡತಕ್ಕದ್ದೆಂಬುದನ್ನು, ಇಬ್ಬರ ಭಾಷೆಗಳಲ್ಲಿಯೂ ಬರೆದಿಡುವುದು ಅವಶ್ಯಕವೆಂದು ಹಿಂದಿನ ಪತ್ರಗಳ ಪರಿಶೀಲನೆಯಿಂದ ತಿಳಿದುಬರುತ್ತದೆ.